ಜೀವಕೋಶದ ಪಾಠಪರಿಷ್ಕರಣ

ಡಿಎನ್‌ಎಯಲ್ಲಿ ಅಡಗಿರುವ ಆದೇಶವು ಆದಿಯಿಂದ ಅಂತ್ಯದವರೆಗೆ ಅವಿಚ್ಛಿನ್ನವಾದ ಒಂದೇ ಬರಹವೆಂದೂ, ಅದು ಅಕ್ಷರಕ್ಕಕ್ಷರ ಆರ್‌ಎನ್‌ಎ ಎಂಬ ಪ್ರತಿಗೆ ಇಳಿದು, ಆ ಪ್ರತಿಯನ್ನು ಅನುಸರಿಸಿ ಜೀವಕೋಶವು ಪ್ರೋಟೀನನ್ನು ಕಟ್ಟುತ್ತದೆಂದೂ 1970ರ ದಶಕದ ಮಧ್ಯಭಾಗದವರೆಗೆ ಜೀವಶಾಸ್ತ್ರಜ್ಞರು ಭಾವಿಸಿದ್ದರು. ಬ್ಯಾಕ್ಟೀರಿಯಗಳ ಮೇಲೆ ನಡೆದ ಪರಿಶೋಧನೆಗಳು ಈ ಭಾವನೆಯನ್ನೇ ಪೋಷಿಸಿದ್ದುವು. ಆದರೆ 1977ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫಿಲಿಪ್ ಶಾರ್ಪರ ಬಳಗವೂ, ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದಲ್ಲಿ ರಿಚರ್ಡ್ ರಾಬರ್ಟ್ಸರ ಬಳಗವೂ, ನೆಗಡಿಯನ್ನು ತರುವ ಅಡಿನೋವೈರಸ್ಸಿನ ಆರ್‌ಎನ್‌ಎಯನ್ನು ಅದರ ಡಿಎನ್‌ಎಯೊಡನೆ ಜೊತೆಗೂಡಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ, ಉದ್ದಕ್ಕೂ ಒಂದಕ್ಕೊಂದು ಹೊಂದಿಕೊಂಡಿರಬೇಕಾಗಿದ್ದ ಎಳೆಗಳಲ್ಲಿ ಡಿಎನ್‌ಎಯ ಎಳೆಯು ಅಲ್ಲಲ್ಲಿ ಜೊತೆಯಿಲ್ಲದೆ ಕುಣಿಕೆಯಾಗಿ ಹೊರಚಾಚಿಕೊಂಡಿರುವುದು ಕಂಡುಬಂದಿತು. ಆ ಕುಣಿಕೆಗಳಲ್ಲಿದ್ದ ಬರಹಕ್ಕೆ ಆರ್‌ಎನ್‌ಎಯಲ್ಲಿ ಪ್ರತಿರೂಪವೇ ಇರಲಿಲ್ಲ. ಸೂಸನ್ ಬರ್ಜೆಟ್, ಲೂಯಿಸ್ ಚೌ ಮೊದಲಾದವರ ನುರಿತ ಕೈಗಳಿಂದ ಮೂಡಿದ ಈ ಚಿತ್ರಗಳು ವಂಶವಾಹಿಯು ಖಂಡಖಂಡವಾಗಿದೆಯೆಂಬುದಕ್ಕೆ ಸಾಕ್ಷ್ಯವಾದುವು. ಶಾರ್ಪ್ ಮತ್ತು ರಾಬರ್ಟ್ಸರಿಗೆ 1993ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಅರ್ಥವುಳ್ಳ ಖಂಡಗಳಿಗೆ ಎಕ್ಸಾನ್ ಎಂದೂ, ನಡುನಡುವೆ ಸೇರಿಕೊಂಡು ಪ್ರೋಟೀನಿನ ರಚನೆಗೆ ಒದಗದ ಭಾಗಗಳಿಗೆ ಇಂಟ್ರಾನ್ ಎಂದೂ ಮರುವರ್ಷವೇ ವಾಲ್ಟರ್ ಗಿಲ್ಬರ್ಟ್ ಹೆಸರಿಟ್ಟರು. ಜೀವಕೋಶವು ಎಲ್ಲವನ್ನೂ ಒಟ್ಟಾಗಿ ಆರ್‌ಎನ್‌ಎಗೆ ಇಳಿಸಿಕೊಂಡು, ಓಲೆಗರಿಯ ಕಾವ್ಯವನ್ನು ಸಂಪಾದಿಸುವ ವಿದ್ವಾಂಸನು ಪ್ರಕ್ಷಿಪ್ತ ಪದ್ಯಗಳನ್ನು ಬಿಡಿಸಿ ಮೂಲಪಾಠವನ್ನು ಹೊಂದಿಸುವಂತೆ, ಇಂಟ್ರಾನುಗಳನ್ನು ಕತ್ತರಿಸಿ ತೆಗೆದು ಎಕ್ಸಾನುಗಳನ್ನು ಅನುಕ್ರಮವಾಗಿ ಬೆಸೆಯುತ್ತದೆ. ಸ್ಪ್ಲೈಸಿಂಗ್ ಎಂಬುದು ಈ ಕಾರ್ಯವೇ. ಸ್ನಾಯುಗಳನ್ನು ಕಾಪಾಡುವ ಡಿಸ್ಟ್ರೋಫಿನ್ ಪ್ರೋಟೀನಿನ ವಂಶವಾಹಿಯು 20 ಲಕ್ಷಕ್ಕೂ ಮಿಕ್ಕ ಅಕ್ಷರಗಳಷ್ಟು ಉದ್ದವಾಗಿದ್ದರೂ, ಅದರ 79 ಎಕ್ಸಾನುಗಳನ್ನು ಬೆಸೆದ ಬಳಿಕ ಉಳಿಯುವುದು ಸುಮಾರು 14,000 ಅಕ್ಷರಗಳು ಮಾತ್ರ.

ಇಷ್ಟು ದೊಡ್ಡ ರಾಶಿಯಲ್ಲಿ ಕತ್ತರಿಸತಕ್ಕ ಸ್ಥಾನವನ್ನು ಗುರುತಿಸುವ ಹೊಣೆ ಸ್ಪ್ಲೈಸಿಯೋಸೋಮಿನದು; ಐದು ಕಿರಿಯ ಆರ್‌ಎನ್‌ಎಗಳೂ ನೂರಕ್ಕೂ ಮಿಕ್ಕ ಪ್ರೋಟೀನುಗಳೂ ಪ್ರತಿ ಸಲವೂ ಹೊಸದಾಗಿ ಕಲೆತು ಈ ಯಂತ್ರವಾಗುತ್ತವೆ. ಇಂಟ್ರಾನು ಸಾಮಾನ್ಯವಾಗಿ ಜಿ, ಯು ಎಂಬ ಅಕ್ಷರಗಳಿಂದ ತೊಡಗಿ ಎ, ಜಿ ಎಂಬುವುಗಳಿಂದ ಮುಗಿಯುತ್ತದೆ. ಈ ಗುರುತುಗಳನ್ನೂ ಇವುಗಳ ಆಸುಪಾಸಿನ ಕೆಲವು ಅಕ್ಷರಗಳನ್ನೂ ನೋಡಿಯೇ ಯಂತ್ರವು ಎಲ್ಲೆಯನ್ನು ನಿರ್ಣಯಿಸುತ್ತದೆ. ಪ್ರೋಟೀನಿನ ಬರಹವನ್ನು ಜೀವಕೋಶವು ಮೂರು ಮೂರು ಅಕ್ಷರಗಳ ಗಣಗಳಾಗಿ ಓದುವುದರಿಂದ, ಎಲ್ಲೆಯು ಒಂದಕ್ಷರದಷ್ಟು ಆಚೀಚೆ ಸರಿದರೂ ಅಲ್ಲಿಂದ ಮುಂದಿನ ಅರ್ಥವೆಲ್ಲ ಕೆಡುತ್ತದೆ.

ಇಷ್ಟು ಅಪಾಯದ ಏರ್ಪಾಟಿನಲ್ಲಿ ಮಹತ್ತರವಾದ ಒಂದು ಲಾಭವೂ ಉಂಟು. ಎಕ್ಸಾನುಗಳನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸಿ ಒಂದೇ ವಂಶವಾಹಿಯಿಂದ ಹಲವು ಪ್ರೋಟೀನುಗಳನ್ನು ಪಡೆಯಬಹುದು. ಥೈರಾಯ್ಡ್ ಗ್ರಂಥಿಯಲ್ಲಿ ರಕ್ತದ ಕ್ಯಾಲ್ಸಿಯಮ್ಮನ್ನು ತಗ್ಗಿಸುವ ಕ್ಯಾಲ್ಸಿಟೋನಿನ್ ಎಂಬ ಹಾರ್ಮೋನನ್ನು ಕೊಡುವ ವಂಶವಾಹಿಯೇ, ನರಕೋಶಗಳಲ್ಲಿ ಬೇರೊಂದು ಜೋಡಣೆಯನ್ನು ಹೊಂದಿ, ರಕ್ತನಾಳಗಳನ್ನು ಹಿಗ್ಗಿಸುವ ಮತ್ತೊಂದು ವಸ್ತುವನ್ನು ಕೊಡುತ್ತದೆ. ಮನುಷ್ಯನಿಗೆ ಪ್ರೋಟೀನುಗಳನ್ನು ಕಟ್ಟುವ ಸುಮಾರು 20,000 ವಂಶವಾಹಿಗಳೇ ಸಾಲುವುದಕ್ಕೆ ಇದು ಮುಖ್ಯವಾದ ಒಂದು ಕಾರಣ.

ಈ ಕಾರ್ಯದಲ್ಲಿ ನಡೆಯುವ ಪ್ರಮಾದವು ಎಂಥ ವ್ಯಥೆಯನ್ನು ತರಬಲ್ಲುದೆಂಬುದಕ್ಕೆ ದೂರದ ನಿದರ್ಶನ ಬೇಕಾಗಿಲ್ಲ. ಭಾರತದಲ್ಲಿ ಬೀಟಾ ಥಲಸ್ಸೀಮಿಯಾ ರೋಗಕ್ಕೆ ಅತ್ಯಂತ ಸಾಮಾನ್ಯವಾದ ಕಾರಣ ಸ್ಪ್ಲೈಸಿಂಗಿನ ದೋಷವೇ. ಹಿಮೋಗ್ಲೋಬಿನ್ನಿನ ಒಂದು ಅಂಗವಾದ ಬೀಟಾ ಗ್ಲೋಬಿನ್ನಿನ ವಂಶವಾಹಿಯಲ್ಲಿ ಮೊದಲನೆಯ ಇಂಟ್ರಾನು ಕೇವಲ 130 ಅಕ್ಷರಗಳದು. ಅದರ ಐದನೆಯ ಸ್ಥಾನದಲ್ಲಿ ಜಿ ಇರಬೇಕಾದೆಡೆ ಸಿ ಬಂದಿದೆ. ಅಷ್ಟರಿಂದಲೇ ಎಲ್ಲೆಯ ಗುರುತು ದುರ್ಬಲವಾಗಿ, ಸ್ಪ್ಲೈಸಿಯೋಸೋಮು ಹತ್ತಿರದ ಮೂರು ಹುಸಿ ಸ್ಥಾನಗಳತ್ತ ಸರಿಯುತ್ತದೆ. ಅಲ್ಲಿ ಕತ್ತರಿಸಿದ ಆರ್‌ಎನ್‌ಎ ನಿಷ್ಪ್ರಯೋಜಕವಾಗಿ, ಸರಿಯಾದ ಪ್ರೋಟೀನು ಅತ್ಯಲ್ಪವಾಗುತ್ತದೆ. ತಾಯಿತಂದೆಯರಿಬ್ಬರಿಂದಲೂ ಈ ದೋಷವನ್ನು ಪಡೆದ ಮಗು ಮೊದಲ ಒಂದೆರಡು ವರ್ಷಗಳಲ್ಲಿಯೇ ಬಿಳಿಚಿಕೊಳ್ಳುತ್ತದೆ. ಮೂರು ನಾಲ್ಕು ವಾರಗಳಿಗೊಮ್ಮೆ ಅದಕ್ಕೆ ಪರರ ರಕ್ತ ಬೇಕು, ಆ ರಕ್ತದೊಡನೆ ಬಂದ ಕಬ್ಬಿಣ ಹೃದಯದಲ್ಲಿಯೂ ಯಕೃತ್ತಿನಲ್ಲಿಯೂ ಶೇಖರವಾಗದಂತೆ ಔಷಧವೂ ಬೇಕು. ಇಷ್ಟೆಲ್ಲ ಸಂಕಟಕ್ಕೆ ಮೂಲವಾದ ಅಕ್ಷರವು ಇರುವುದು, ಕೊನೆಗೆ ಕತ್ತರಿಸಿ ಎಸೆಯುವ ಭಾಗದಲ್ಲಿ ಎಂಬುದನ್ನು ಗಮನಿಸಬೇಕು.

ದೋಷವು ಎಲ್ಲಿದೆಯೆಂದು ತಿಳಿದ ಮೇಲೆ ಅದನ್ನು ತಿದ್ದುವ ಪ್ರಯತ್ನವೂ ಸಾಧ್ಯವಾಯಿತು. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಎಂಬ ರೋಗದಲ್ಲಿ ಎಸ್‌ಎಂಎನ್1 ಎಂಬ ವಂಶವಾಹಿ ನಷ್ಟವಾಗಿ, ಬೆನ್ನುಹುರಿಯ ನರಕೋಶಗಳು ಕ್ಷಯಿಸುತ್ತವೆ. ಅದರ ಉಗ್ರರೂಪಕ್ಕೆ ತುತ್ತಾಗಿ ಚಿಕಿತ್ಸೆಯಿಲ್ಲದಿದ್ದ ಶಿಶುಗಳು ಎದ್ದು ಕುಳಿತುಕೊಳ್ಳಲೂ ಆರದೆ, ಬಹುಪಾಲು ಎರಡು ವರ್ಷ ತುಂಬುವುದರೊಳಗೆ ಅಸುನೀಗುತ್ತಿದ್ದುವು. ಮನುಷ್ಯನಲ್ಲಿ ಎಸ್‌ಎಂಎನ್2 ಎಂಬ ಅದರ ಸಹೋದರ ವಂಶವಾಹಿಯೂ ಉಂಟು. ಅದರ ಏಳನೆಯ ಎಕ್ಸಾನಿನಲ್ಲಿ ಒಂದು ಅಕ್ಷರ ವ್ಯತ್ಯಸ್ತವಾಗಿದೆ. ಪ್ರೋಟೀನಿನ ಅರ್ಥವು ಅದರಿಂದ ಬದಲಾಗದಿದ್ದರೂ, ಸ್ಪ್ಲೈಸಿಯೋಸೋಮು ಆ ಎಕ್ಸಾನನ್ನೇ ಹೆಚ್ಚಾಗಿ ಬಿಟ್ಟುಬಿಡುತ್ತದೆ. ಹಾಗೆ ಬಿಡುವಂತೆ ಪ್ರೇರಿಸುವ ಒಂದು ತಾಣವು ಪಕ್ಕದ ಇಂಟ್ರಾನಿನಲ್ಲಿರುವುದನ್ನು 2006ರಲ್ಲಿ ರವೀಂದ್ರ ಸಿಂಗ್ ಮತ್ತು ಅವರ ಸಂಗಡಿಗರು ಪ್ರಕಟಿಸಿದರು. ಆ ತಾಣಕ್ಕೆ ಅಂಟಿಕೊಂಡು ಅದನ್ನು ಮರೆಮಾಡುವ ಕೃತಕ ಎಳೆಯೇ, ಕೋಲ್ಡ್ ಸ್ಪ್ರಿಂಗ್ ಹಾರ್ಬರಿನ ಏಡ್ರಿಯನ್ ಕ್ರೈನರ್ ಮತ್ತು ಔಷಧತಜ್ಞ ಫ್ರ್ಯಾಂಕ್ ಬೆನೆಟ್ ಅವರ ಶ್ರಮದಿಂದ ರೂಪುಗೊಂಡ ನ್ಯೂಸಿನರ್ಸೆನ್ ಎಂಬ ಔಷಧ. 2016ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ಲಕ್ಷಣಗಳು ತಲೆದೋರುವ ಮುನ್ನವೇ ಅದನ್ನು ಬೆನ್ನುಹುರಿಯ ದ್ರವದೊಳಕ್ಕೆ ಪಡೆದ ಶಿಶುಗಳಲ್ಲಿ ಬಹುಮಂದಿ ಮುಂದೆ ತಮ್ಮ ಕಾಲ ಮೇಲೆ ತಾವೇ ನಡೆದಾಡಿದರು. ಡಿಎನ್‌ಎಯಲ್ಲಿ ಒಂದಕ್ಷರವನ್ನೂ ತಿದ್ದಿರಲಿಲ್ಲ. ತಿದ್ದಿದ್ದು ಜೋಡಣೆಯನ್ನು ಮಾತ್ರ.

ಆದುದರಿಂದ ಎಕ್ಸಾನುಗಳನ್ನಷ್ಟೇ ಓದಿ ರೋಗಿಯ ವಂಶವಾಹಿಯಲ್ಲಿ ದೋಷವಿಲ್ಲವೆಂದು ತೀರ್ಮಾನಿಸುವುದು ವೈದ್ಯಶಾಸ್ತ್ರಕ್ಕೆ ಇನ್ನು ಸಲ್ಲದು. ಅರ್ಥಹೀನವೆಂದು ತಳ್ಳಿದ ಅಕ್ಷರಗಳನ್ನೂ ಅದೇ ಶ್ರದ್ಧೆಯಿಂದ ಓದಬೇಕು. ಸಾಮಾನ್ಯ ಜನರಾದ ನಮ್ಮ ಪಾಲಿಗೂ ಒಂದು ಕರ್ತವ್ಯವುಂಟು. ನಮ್ಮ ದೇಶದಲ್ಲಿ ಸರಾಸರಿ ಶೇಕಡ 3ರಿಂದ 4 ಮಂದಿ ಬೀಟಾ ಥಲಸ್ಸೀಮಿಯಾದ ವಾಹಕರೆಂದು ಅಂದಾಜು. ಅವರು ಆರೋಗ್ಯವಂತರಾಗಿಯೇ ಕಾಣುತ್ತಾರೆ, ಆದರೆ ವಾಹಕರಿಬ್ಬರು ದಂಪತಿಗಳಾದರೆ ಪ್ರತಿ ಗರ್ಭದಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಹಿಮೋಗ್ಲೋಬಿನ್ ಎ2 ಪ್ರಮಾಣವನ್ನು ಅಳೆಯುವ ರಕ್ತಪರೀಕ್ಷೆಯಿಂದ ವಾಹಕರನ್ನು ಗುರುತಿಸಬಹುದು. ಜಾತಕವನ್ನು ಕೂಡಿಸಿ ನೋಡುವ ಮನೆಗಳಲ್ಲಿ, ವಿವಾಹಕ್ಕೆ ಮುನ್ನ ಈ ಪರೀಕ್ಷೆಯೂ ನಡೆಯಲಿ.