ಭಂಗಿಗಿಡದ ಎಣ್ಣೆ: ಒಂದು ಐತಿಹಾಸಿಕ ವಿವೇಚನೆ

ಇತ್ತೀಚಿನ ವರ್ಷಗಳಲ್ಲಿ ‘ಸಿ.ಬಿ.ಡಿ. ಎಣ್ಣೆ’ ಎಂಬ ಹೆಸರು ವಿದ್ಯಾವಂತರ ಮಾತಿನಲ್ಲಿ ಮೇಲಿಂದ ಮೇಲೆ ಕೇಳಿಬರುತ್ತಿದೆ. ಕೆಲವರು ಇದನ್ನು ಸರ್ವರೋಗಹರವೆಂದು ಕೊಂಡಾಡಿದರೆ, ಮತ್ತೆ ಕೆಲವರು ಗಾಂಜಾದ ಇನ್ನೊಂದು ರೂಪವೆಂದು ಹಳಿಯುತ್ತಾರೆ. ಒಂದೇ ಗಿಡದ ಬೇರೆ ಬೇರೆ ಭಾಗಗಳನ್ನೂ ದ್ರವ್ಯಗಳನ್ನೂ ಬೆರೆಸಿ ಮಾತನಾಡುವುದೇ ಈ ಎರಡು ಅಭಿಪ್ರಾಯಗಳಿಗೂ ಮೂಲವೆಂದು ನಮಗೆ ತೋರುತ್ತದೆ. ಆ ಗೊಂದಲವನ್ನು ಬಿಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಹೆಸರಿನ ವಿಚಾರ. ಇಂಗ್ಲಿಷಿನ ‘ಹೆಂಪ್’ ಪದವನ್ನು ಕನ್ನಡದಲ್ಲಿ ‘ಸೆಣಬು’ ಎನ್ನುವುದುಂಟು. ಆದರೆ ನಮ್ಮ ರೈತರು ಹಸಿರುಗೊಬ್ಬರಕ್ಕಾಗಿ ಬಿತ್ತುವ ಅಪ್ಸೆಣಬು ಬೇರೆಯ ಸಸ್ಯ. ಗೋಣಿಚೀಲದ ಸೆಣಬು ಮತ್ತೊಂದು. ನಾವಿಲ್ಲಿ ಹೇಳುತ್ತಿರುವುದು ಭಂಗಿ, ಗಾಂಜಾ, ಚರಸ್‌ಗಳಿಗೆ ಮೂಲವಾದ ಕ್ಯಾನಬಿಸ್ ಗಿಡ. ಇದರ ಹೆಣ್ಣು ಹೂವಿನ ಅಂಟಿನಲ್ಲಿರುವ ಎರಡು ದ್ರವ್ಯಗಳು ಮುಖ್ಯವಾದುವು: ಅಮಲೇರಿಸುವ ಟಿ.ಎಚ್.ಸಿ. ಮತ್ತು ಅಮಲೇರಿಸದ ಕ್ಯಾನಬಿಡಯಾಲ್, ಅಂದರೆ ಸಿ.ಬಿ.ಡಿ. ಒಣತೂಕದಲ್ಲಿ ಟಿ.ಎಚ್.ಸಿ.ಯ ಪ್ರಮಾಣ ಶೇಕಡ 0.3ನ್ನು ಮೀರದ ಗಿಡವನ್ನು ಅಮೆರಿಕದ 2018ರ ಕೃಷಿ ಕಾಯಿದೆ ‘ಹೆಂಪ್’ ಎಂದು ಬೇರ್ಪಡಿಸಿತು.

ಈ ಗಿಡದ ಆಧುನಿಕ ವೈದ್ಯಚರಿತ್ರೆಯ ಒಂದು ಮುಖ್ಯ ಅಧ್ಯಾಯ ಭಾರತದಲ್ಲಿಯೇ ಆರಂಭವಾಯಿತೆಂಬುದು ಗಮನಾರ್ಹ. ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕನಾಗಿದ್ದ ವಿಲಿಯಂ ಓಶಾನೆಸ್ಸಿ 1839ರಲ್ಲಿ ತನ್ನ ಪ್ರಯೋಗಗಳನ್ನು ವರದಿಮಾಡಿದನು. ಸೆಳವಿನಿಂದ ಬಳಲುತ್ತಿದ್ದ ಸುಮಾರು 40 ದಿನಗಳ ಶಿಶುವೊಂದಕ್ಕೆ ಗಾಂಜಾದ ಸಾರವನ್ನು ಹನಿಹನಿಯಾಗಿ ಕೊಟ್ಟು ಗುಣಕಂಡ ಸಂಗತಿಯೂ ಅದರಲ್ಲಿದೆ. ಒಂದು ಶತಮಾನದ ಅನಂತರ, 1940ರಲ್ಲಿ, ಅಮೆರಿಕದ ರೋಜರ್ ಆಡಮ್ಸ್ ಸಿ.ಬಿ.ಡಿ.ಯನ್ನು ಪ್ರತ್ಯೇಕಿಸಿದನು, 1963ರಲ್ಲಿ ಇಸ್ರೇಲಿನ ರಫಾಯೆಲ್ ಮೆಶೂಲಂ ಮತ್ತು ಸಂಗಡಿಗರು ಅದರ ರಚನೆಯನ್ನು ನಿರ್ಧರಿಸಿದರು. 2018ರಲ್ಲಿ ಡ್ರಾವೆ ಮತ್ತು ಲೆನಾಕ್ಸ್-ಗ್ಯಾಸ್ಟೊ ಎಂಬ, ಮಕ್ಕಳನ್ನು ಬಾಧಿಸುವ ಎರಡು ಉಗ್ರ ಅಪಸ್ಮಾರಗಳಿಗೆ ‘ಎಪಿಡಿಯೊಲೆಕ್ಸ್’ ಎಂಬ ಶುದ್ಧ ಸಿ.ಬಿ.ಡಿ. ಔಷಧಕ್ಕೆ ಅಮೆರಿಕದಲ್ಲಿ ಮನ್ನಣೆ ದೊರೆಯಿತು. ಇದನ್ನು ಎಳ್ಳೆಣ್ಣೆಯಲ್ಲಿ ಕರಗಿಸಿ ಕೊಡುತ್ತಾರೆ. ಕಲ್ಕತ್ತೆಯ ಶಿಶುವಿನ ಕಥೆಗೂ ಈ ಔಷಧಕ್ಕೂ ನೇರ ಸಂಬಂಧ ಕಲ್ಪಿಸುವ ಆಸೆ ಸಹಜವೇ. ಆದರೆ ಓಶಾನೆಸ್ಸಿಯದು ಎರಡೂ ದ್ರವ್ಯಗಳು ಬೆರೆತ ಸಾರ, ಅದೂ ಒಂದೇ ಶಿಶುವಿನ ಅನುಭವ. ಇಂದಿನ ಔಷಧಕ್ಕೆ ಆಧಾರವಾದುದು ಅಳತೆಯರಿತು ನಡೆಸಿದ ತುಲನಾತ್ಮಕ ಪರೀಕ್ಷೆ.

ಎಣ್ಣೆಯ ತಯಾರಿಕೆ ಹೊಲದಿಂದಲೇ ಮೊದಲಾಗುತ್ತದೆ. ಪರಾಗ ತಗುಲಿದರೆ ಹೂವು ಬೀಜಕಟ್ಟಿ ಅಂಟು ಕಡಿಮೆಯಾಗುವುದರಿಂದ ಗಂಡು ಗಿಡಗಳನ್ನು ಕಿತ್ತುಹಾಕುತ್ತಾರೆ. ಅಲ್ಲದೆ ಈ ಗಿಡ ಮಣ್ಣಿನಲ್ಲಿರುವ ಸೀಸ, ಕ್ಯಾಡ್ಮಿಯಂ ಮೊದಲಾದ ಲೋಹಗಳನ್ನು ಹೀರಿಕೊಳ್ಳುತ್ತದೆ. ಆದುದರಿಂದ ಭೂಮಿಯನ್ನು ಶುದ್ಧವಾಗಿಟ್ಟುಕೊಂಡ ಕೃಷಿ ಇಲ್ಲಿ ಕೇವಲ ಆದರ್ಶವಲ್ಲ, ಸೇವಿಸುವವನ ರಕ್ಷಣೆ. ಹಸಿ ಗಿಡದಲ್ಲಿ ಸಿ.ಬಿ.ಡಿ. ಆಮ್ಲರೂಪದಲ್ಲಿರುತ್ತದೆ, ಕಾಯಿಸಿದಾಗ ಇಂಗಾಲದ ಡೈಆಕ್ಸೈಡು ಕಳೆದು ಸಿ.ಬಿ.ಡಿ. ಉಳಿಯುತ್ತದೆ. ಒಣಗಿದ ಹೂವಿನಿಂದ ಸಾರವನ್ನು ಮದ್ಯಸಾರದ ಮೂಲಕವಾಗಲಿ, 31 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಅಧಿಕ ಒತ್ತಡದಲ್ಲಿಟ್ಟ ಇಂಗಾಲದ ಡೈಆಕ್ಸೈಡಿನ ಮೂಲಕವಾಗಲಿ ತೆಗೆಯುತ್ತಾರೆ. ಅನಂತರ ಅದನ್ನು ಮದ್ಯಸಾರದಲ್ಲಿ ಕರಗಿಸಿ, ತಣಿಸಿ, ಗಟ್ಟಿಯಾದ ಮೇಣವನ್ನು ಸೋಸಿ, ಮದ್ಯಸಾರವನ್ನು ಬಟ್ಟಿಯಿಳಿಸಿ, ಉಳಿದುದನ್ನು ಕೊಬ್ಬರಿ ಎಣ್ಣೆಯಂಥ ಎಣ್ಣೆಗೆ ಬೆರೆಸುತ್ತಾರೆ. ಬೀಜವನ್ನು ಗಾಣಕ್ಕೆ ಹಾಕಿ ತೆಗೆದ ಎಣ್ಣೆ ಇದಲ್ಲ; ಅದು ಆಹಾರ, ಅದರಲ್ಲಿ ಸಿ.ಬಿ.ಡಿ. ಇಲ್ಲವೆನ್ನುವಷ್ಟು ಅಲ್ಪ.

ನಮ್ಮ ಕಾನೂನು ದ್ರವ್ಯವನ್ನಲ್ಲ, ಗಿಡದ ಭಾಗವನ್ನು ನೋಡುತ್ತದೆ. 1985ರ ಮಾದಕದ್ರವ್ಯಗಳ ಕಾಯಿದೆಯಂತೆ ಹೂತೆನೆಯೇ ಗಾಂಜಾ. ತೆನೆಯಿಂದ ಬೇರೆಯಾದ ಎಲೆ ಮತ್ತು ಬೀಜ ಆ ವ್ಯಾಖ್ಯೆಗೆ ಹೊರಗು. ಭಂಗಿ, ಗಾಂಜಾ, ಚರಸ್‌ಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಿದ 1893–94ರ ಭಾರತೀಯ ಹೆಂಪ್ ಮಾದಕವಸ್ತು ಆಯೋಗದಲ್ಲಿಯೂ ಇಂಥ ವಿವೇಚನೆ ಕಂಡುಬರುತ್ತದೆ. ಕಾಯಿದೆಯ 14ನೆಯ ಪ್ರಕರಣದ ಮೇರೆಗೆ ನಾರು, ಬೀಜ ಮತ್ತು ತೋಟಗಾರಿಕೆಗಾಗಿ ಸರ್ಕಾರ ಕೃಷಿಗೆ ಅನುಮತಿ ನೀಡಬಹುದು. ಹಿಂದಿನಿಂದಲೂ ಬೀಜದ ಚಟ್ನಿಯನ್ನೂ ನಾರಿನ ಹಗ್ಗವನ್ನೂ ಬಲ್ಲ ಉತ್ತರಾಖಂಡ 2018ರಲ್ಲಿ ಇಂಥ ಪರವಾನಗಿ ಕೊಟ್ಟಿತು. ಸಿ.ಬಿ.ಡಿ. ಹೇರಳವಾಗಿರುವುದು ಮಾತ್ರ ಹೂವಿನಲ್ಲಿಯೇ. ಈ ತೊಡಕು ನಮ್ಮ ರೈತನ ಮುಂದೆ ಇದ್ದೇ ಇದೆ.

ಬಳಕೆಯಲ್ಲಿಯೂ ಎಚ್ಚರ ಅಗತ್ಯ. ಅಮೆರಿಕದಲ್ಲಿ 2017ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 84 ಸಿ.ಬಿ.ಡಿ. ಸರಕುಗಳ ಪೈಕಿ ಚೀಟಿಯಲ್ಲಿ ನಮೂದಿಸಿದ ಪ್ರಮಾಣಕ್ಕೆ ಸರಿಹೊಂದಿದವು ಸುಮಾರು ಶೇಕಡ 31 ಮಾತ್ರ, 18ರಲ್ಲಿ ಟಿ.ಎಚ್.ಸಿ. ಇತ್ತು. ಸಿ.ಬಿ.ಡಿ. ಯಕೃತ್ತಿಗೆ ತೊಂದರೆಯುಂಟುಮಾಡಬಲ್ಲುದು, ಕ್ಲೊಬಜಾಮ್, ವಾಲ್ಪ್ರೊಯೇಟ್‌ಗಳಂಥ ಅಪಸ್ಮಾರದ ಔಷಧಗಳೊಡನೆ ಸೇರಿದಾಗ ಅಪಾಯ ಹೆಚ್ಚು. ಮಗುವಿನ ಸೆಳವು ನಿಲ್ಲಲೆಂದು ಹಂಬಲಿಸುವ ತಂದೆತಾಯಿ ವೈದ್ಯನನ್ನು ಕೇಳದೆ ಅಂಗಡಿಯ ಸೀಸೆಯನ್ನು ನಂಬಿದರೆ ನಷ್ಟವಾಗುವುದು ಹಣವೊಂದೇ ಅಲ್ಲ.

ಹೆಸರು ಒಂದಾದರೂ ವಸ್ತು ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಯಾವ ಗಿಡ, ಯಾವ ಭಾಗ, ಯಾವ ದ್ರವ್ಯ, ಎಷ್ಟು ಪ್ರಮಾಣ ಎಂಬ ನಾಲ್ಕು ಪ್ರಶ್ನೆಗಳನ್ನು ಹಳೆಯ ದಾಖಲೆಯನ್ನು ಓದುವ ವಿದ್ಯಾರ್ಥಿಯೂ ಇಂದಿನ ಸೀಸೆಯನ್ನು ಕೈಗೆತ್ತಿಕೊಳ್ಳುವ ಗೃಹಸ್ಥನೂ ಸಮನಾಗಿ ಕೇಳಬೇಕಾಗಿದೆ.