ಬರೆದಿಡದ ವ್ಯಾಪಾರ, ಬರೆದಿಡದ ಸಾಲ

2025ರ ಜುಲೈ ತಿಂಗಳ ಒಂದು ಸಂಜೆ. ಮಗ್ರಿಬ್ ನಮಾಝ್ ಮುಗಿಸಿ ಮದ್ರಸದ ಬಾಗಿಲು ಹಾಕುತ್ತಿದ್ದೆ. ನಮ್ಮ ಜಮಾಅತ್‌ನ ಮೀನು ವ್ಯಾಪಾರಿಯೊಬ್ಬರು ಕೈಯಲ್ಲಿ ಕ್ಯೂಆರ್ ಕೋಡ್ ಬೋರ್ಡ್ ಹಿಡಿದುಕೊಂಡು ಬಂದರು. "ಉಸ್ತಾದ್, ಇದನ್ನ ಅಂಗಡಿಯಿಂದ ಕಿತ್ತುಬಿಟ್ಟೆ. ಇನ್ಮೇಲೆ ಬರೀ ಕ್ಯಾಶ್" ಅಂದರು. ಮುಖದಲ್ಲಿ ಭಯ ಇತ್ತು.

ಭಯಕ್ಕೆ ಕಾರಣ ಇಲ್ಲದಿರಲಿಲ್ಲ. ಆ ದಿನಗಳಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ಲೆಕ್ಕ ನೋಡಿ ಬೇಕರಿ, ಬೀಡಾ ಅಂಗಡಿ, ತರಕಾರಿ ಅಂಗಡಿಯವರಿಗೆಲ್ಲ ನೋಟಿಸ್ ಕಳಿಸಿತ್ತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷ ರೂಪಾಯಿ ಕಟ್ಟಿ ಎಂದು ನೋಟಿಸ್ ಬಂದ ಸುದ್ದಿ ಎಲ್ಲರ ಮೊಬೈಲಿಗೂ ಬಂದಿತ್ತು. ಎಷ್ಟೋ ಅಂಗಡಿಗಳ ಮುಂದೆ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಎಂಬ ಚೀಟಿ ಅಂಟಿತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ತೆರಿಗೆ ಇಲ್ಲದ ವಸ್ತು ಮಾರುವವರು ಹೆದರಬೇಕಿಲ್ಲ, ಹಳೇ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಆಗಬೇಕಾದವರು ಆಗಿ ಎಂದ ಮೇಲೆ ಗಲಾಟೆ ತಣ್ಣಗಾಯಿತು.

ನಾನು ಆ ಸಂಜೆ ಅವರಿಗೆ ಒಂದೇ ಪ್ರಶ್ನೆ ಕೇಳಿದೆ: "ದಿನಕ್ಕೆ ಎಷ್ಟು ವ್ಯಾಪಾರ ಆಗುತ್ತೆ?" ಅವರು ಸ್ವಲ್ಪ ಹೊತ್ತು ಯೋಚಿಸಿ "ದೇವರು ಕೊಟ್ಟಷ್ಟು" ಅಂದರು. ಆ ಉತ್ತರದಲ್ಲಿ ತವಕ್ಕುಲ್ ಇದೆ, ಲೆಕ್ಕ ಇಲ್ಲ. ನಮ್ಮಲ್ಲಿ ಬಹಳ ಮನೆಗಳ ಕಷ್ಟ ಶುರುವಾಗುವುದೇ ಇಲ್ಲಿಂದ.

ಹೆದರಿಕೆಗೆ ಮದ್ದು ಲೆಕ್ಕ

ಇಬ್ಬರೂ ಕೂತು ಲೆಕ್ಕ ಹಾಕಿದೆವು. ಸರಕು ಮಾರುವವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗುವುದು ವರ್ಷದ ವಹಿವಾಟು 40 ಲಕ್ಷ ದಾಟಿದರೆ. ಸೇವೆ ಕೊಡುವವರಿಗೆ ಆ ಮಿತಿ 20 ಲಕ್ಷ. 40 ಲಕ್ಷ ಅಂದರೆ ದಿನಕ್ಕೆ ಸುಮಾರು 11,000 ರೂಪಾಯಿ. ಮಂಗಳೂರಿನಿಂದ ರಾತ್ರಿ ಹೊರಟು ಮಡಿಕೇರಿ, ಹುಣಸೂರು ದಾಟಿ ಬೆಳಗ್ಗೆ ನಮ್ಮೂರಿಗೆ ಬರುವ ಮೀನನ್ನು ಇವರು ಮಾರುವುದು ದಿನಕ್ಕೆ ಹೆಚ್ಚೆಂದರೆ 8,000ಕ್ಕೆ. ವರ್ಷಕ್ಕೆ 29 ಲಕ್ಷ ಚಿಲ್ಲರೆ. ಅದೂ ಅಲ್ಲದೆ ತಾಜಾ ಮೀನಿಗೆ ಜಿಎಸ್‌ಟಿಯೇ ಇಲ್ಲ. ತೆರಿಗೆ ಇಲ್ಲದ ಸರಕನ್ನಷ್ಟೇ ಮಾರುವವರಿಗೆ ನೋಂದಣಿಯ ಕಡ್ಡಾಯವೂ ಇಲ್ಲ.

ಆದರೆ ಒಂದು ಮಾತು. ಬ್ರೆಡ್ಡಿನ ಜೊತೆ ಕೇಕು, ಪಫ್ಸು ಮಾರುವ ಬೇಕರಿಯವರು, ಅಕ್ಕಿ ಜೊತೆ ಸೋಪು ಮಾರುವ ದಿನಸಿಯವರು "ಅರ್ಧ ಸಾಮಾನಿಗೆ ತೆರಿಗೆ ಇಲ್ಲ" ಅಂತ ಸುಮ್ಮನಿರಬಾರದು. ಅವರ ವಿಷಯದಲ್ಲಿ 40 ಲಕ್ಷದ ಲೆಕ್ಕಕ್ಕೆ ಎರಡೂ ಸೇರುತ್ತವೆ.

ಇನ್ನೊಂದು ತೊಂದರೆ ಅವರ ಮೊಬೈಲಿನಲ್ಲೇ ಸಿಕ್ಕಿತು. ಅದೇ ಕ್ಯೂಆರ್‌ಗೆ ಗಲ್ಫ್‌ನಲ್ಲಿರುವ ಭಾವ ಮನೆ ಖರ್ಚಿಗೆ ಕಳಿಸಿದ ಹಣ ಬಂದಿದೆ, ಚೀಟಿ ಹಣ ಬಂದಿದೆ, ಕೈಸಾಲ ವಾಪಸ್ ಬಂದಿದೆ. ಇದು ಮೀನಿನ ಹಣ, ಅದು ಭಾವನ ಹಣ ಅಂತ ಅವರಿಗೆ ಗೊತ್ತು. ಇಲಾಖೆಯ ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು? ನೋಟಿಸ್ ಬಂದ ಎಷ್ಟೋ ಜನ ಸಿಕ್ಕಿಬಿದ್ದದ್ದು ಇಲ್ಲಿಯೇ. ಅಂಗಡಿಗೆ ಒಂದು ಖಾತೆ, ಮನೆಗೆ ಒಂದು ಖಾತೆ ಮಾಡಿಕೊಂಡರೆ ಅರ್ಧ ತಲೆನೋವು ಹೋಗುತ್ತದೆ.

ಕ್ಯೂಆರ್ ಕಿತ್ತರೆ ಲಾಭ ಇದೆಯೇ? ನಷ್ಟವೇ ಇದೆ. ಸಣ್ಣ ವ್ಯಾಪಾರಿಗೆ ಆದಾಯ ತೆರಿಗೆಯಲ್ಲಿ ಒಂದು ಸುಲಭದ ದಾರಿ ಇದೆ: ವಹಿವಾಟು 2 ಕೋಟಿ ಒಳಗಿದ್ದರೆ ದೊಡ್ಡ ಲೆಕ್ಕಪುಸ್ತಕ ಇಲ್ಲದೆಯೇ, ನಗದು ವ್ಯಾಪಾರದ 8%, ಬ್ಯಾಂಕ್ ಮೂಲಕ ಬಂದ ವ್ಯಾಪಾರದ 6% ಲಾಭ ಅಂತ ತೋರಿಸಬಹುದು. ನಿಜವಾದ ಲಾಭ ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚನ್ನೇ ತೋರಿಸಬೇಕು. 29 ಲಕ್ಷ ಪೂರ್ತಿ ಯುಪಿಐನಲ್ಲಿ ಬಂದರೆ 6% ಅಂದರೆ 1,74,000. ಪೂರ್ತಿ ನಗದಾದರೆ 8% ಅಂದರೆ 2,32,000. 2025-26ರ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ವ್ಯಾಪಾರದ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ. ಹಾಗಿದ್ದೂ ರಿಟರ್ನ್ ಹಾಕಿ ಅಂತ ನಾನು ಹೇಳುತ್ತೇನೆ. ಮುಂದೆ ಬ್ಯಾಂಕಿನವರು "ನಿಮ್ಮ ಆದಾಯಕ್ಕೆ ದಾಖಲೆ ಏನಿದೆ?" ಅಂದಾಗ ಎರಡು ಮೂರು ವರ್ಷದ ರಿಟರ್ನ್‌ಗಿಂತ ಗಟ್ಟಿ ಉತ್ತರ ಇಲ್ಲ.

ಒಂದು ಸಹಿಯ ಬೆಲೆ

ಇಷ್ಟೆಲ್ಲ ಬುದ್ಧಿ ಹೇಳುವ ನಾನೇ ಒಮ್ಮೆ ಜಾರಿಬಿದ್ದವನು. ಹಲವು ವರ್ಷದ ಹಿಂದೆ ಗೆಳೆಯರೊಬ್ಬರು ಆಟೋ ಸಾಲಕ್ಕೆ ಜಾಮೀನು ಕೇಳಿದರು. ಓದದೆ ಸಹಿ ಹಾಕಿದೆ, ಮರೆತೆ. ಆಮೇಲೆ ಮಗಳ ನರ್ಸಿಂಗ್ ಕೋರ್ಸಿಗೆ ಬೇರೆ ದಾರಿ ಕಾಣದೆ ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಕಂಪ್ಯೂಟರ್ ನೋಡಿ ಮೆಲ್ಲಗೆ ಹೇಳಿದರು: "ಉಸ್ತಾದ್, ನಿಮ್ಮ ಸಿಬಿಲ್ ಸ್ಕೋರ್ 580 ಇದೆ. ಆಗೋದಿಲ್ಲ." ಜೀವನದಲ್ಲಿ ಒಂದು ಸಾಲ ತೆಗೆದವನಲ್ಲ ನಾನು. ಆ ವರ್ಷ ಮನೆಯವಳ ಬಳೆ ಮಾರಿ ಫೀಸು ಕಟ್ಟಿದೆವು.

ಆಮೇಲೆ ತಿಳಿದದ್ದು ಇಷ್ಟು. ನಮ್ಮ ದೇಶದಲ್ಲಿ ಸಾಲದ ಚರಿತ್ರೆ ಬರೆದಿಡುವ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈಮಾರ್ಕ್. ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. ಜಾಮೀನು ಹಾಕಿದ ಸಾಲವೂ ನಮ್ಮ ಹೆಸರಿನ ಕೆಳಗೆ ಬರುತ್ತದೆ. ಪ್ರತಿ ಕಂಪನಿಯೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕ್ ನಿಯಮ.

ವರದಿ ತರಿಸಿ ನೋಡಿದೆ. ಗೆಳೆಯರು ಎರಡು ವರ್ಷದ ಹಿಂದೆಯೇ ಸಾಲ ತೀರಿಸಿದ್ದರು. ವರದಿಯಲ್ಲಿ ಮಾತ್ರ ಬಾಕಿ ಹಾಗೆಯೇ ಇತ್ತು. ರಸೀದಿ ಕೇಳಿದರೆ "ಎಲ್ಲೋ ಇಟ್ಟಿದ್ದೆ" ಅಂದರು. ಸಾಲ ಕೊಟ್ಟ ಸಂಸ್ಥೆಗೆ ಅಲೆದು ಬಾಕಿ ಇಲ್ಲವೆಂಬ ಪತ್ರ ತೆಗೆದುಕೊಳ್ಳುವಷ್ಟರಲ್ಲಿ ಚಪ್ಪಲಿ ಸವೆಯಿತು. ಪತ್ರ ಸಿಕ್ಕ ಮೇಲೆ ತಕರಾರು ಹಾಕಿದೆ, ತಿದ್ದಿದರು. ಈಗಿನ ನಿಯಮದಂತೆ ಇಂಥ ದೂರನ್ನು 30 ದಿನದೊಳಗೆ ಬಗೆಹರಿಸಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. 2024ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ.

ಇನ್ನೊಂದು ಎಚ್ಚರಿಕೆ. ಬಾಕಿ ಇದ್ದವರಿಗೆ "ಇಷ್ಟು ಕಟ್ಟಿ, ಮುಗಿಸಿಬಿಡೋಣ" ಅಂತ ಫೋನ್ ಬರುತ್ತದೆ. ಹಾಗೆ ಅರ್ಧಕ್ಕೆ ಮುಗಿಸಿದ ಸಾಲವನ್ನು ವರದಿಯಲ್ಲಿ "ಸೆಟಲ್ಡ್" ಅಂತ ಬರೆಯುತ್ತಾರೆ. ಪೂರ್ತಿ ಕಟ್ಟಿದ್ದು "ಕ್ಲೋಸ್ಡ್". ಮುಂದೆ ಸಾಲ ಕೊಡುವವನಿಗೆ ಇವೆರಡೂ ಒಂದೇ ಅಲ್ಲ. ಆಗುವುದಾದರೆ ಪೂರ್ತಿ ಕಟ್ಟಿ, ಪತ್ರ ಕೇಳಿ ಪಡೆಯಿರಿ.

ಸ್ಕೋರ್ ಕೆಟ್ಟವರು ಎಲ್ಲಿಗೆ ಹೋಗುತ್ತಾರೆ?

ಬ್ಯಾಂಕ್ ಬಾಗಿಲು ಮುಚ್ಚಿದರೆ ಜನ ಸುಮ್ಮನೆ ಕೂರುವುದಿಲ್ಲ. ಬಡ್ಡಿಯ ಬಗ್ಗೆ ದೀನ್ ಏನು ಹೇಳುತ್ತದೆ ಎಂಬುದು ಈ ಪುಟದ ಓದುಗರಿಗೆ ಗೊತ್ತು, ನಾನು ಮತ್ತೆ ಹೇಳುವುದಿಲ್ಲ. ಆದರೆ ಬ್ಯಾಂಕ್ ಬಡ್ಡಿ ಬೇಡ ಅಂದವರೇ ಆಸ್ಪತ್ರೆ ಖರ್ಚು ಬಂದಾಗ ಮೀಟರ್ ಬಡ್ಡಿಗೆ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. "ನೂರಕ್ಕೆ ತಿಂಗಳಿಗೆ 5 ರೂಪಾಯಿ ತಾನೆ" ಅಂತಾರೆ. ವರ್ಷಕ್ಕೆ ಅದು 60%.

ಮನೆ ಹೆಣ್ಣುಮಕ್ಕಳು ಗುಂಪು ಸೇರಿ ತೆಗೆಯುವ ಸಾಲದ ಲೆಕ್ಕವನ್ನೂ ನೋಡಿ. 50,000 ಸಾಲಕ್ಕೆ 12% "ಫ್ಲಾಟ್" ಬಡ್ಡಿ, ಎರಡು ವರ್ಷ ಅಂದರೆ ತಿಂಗಳಿಗೆ 2,583 ರೂಪಾಯಿ. ಪ್ರತಿ ತಿಂಗಳು ಅಸಲು ಕರಗುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ 50,000ಕ್ಕೇ ಬೀಳುವುದರಿಂದ ನಿಜವಾದ ದರ 22%ರ ಹತ್ತಿರ ಹೋಗುತ್ತದೆ. ಒಂದನ್ನು ತೀರಿಸಲು ಇನ್ನೊಂದು, ಅದನ್ನು ತೀರಿಸಲು ಮತ್ತೊಂದು. 2025ರ ಜನವರಿಯಲ್ಲಿ ನಮ್ಮ ಪಕ್ಕದ ಚಾಮರಾಜನಗರದ ಕಡೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟದ್ದು ಹೀಗೆಯೇ.

ಅದರ ನಂತರ, ಫೆಬ್ರವರಿ 12ರಂದು, ರಾಜ್ಯ ಸರ್ಕಾರ ಕಿರು ಸಾಲದ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು. ನೋಂದಣಿ ಇಲ್ಲದವರು ಸಾಲ ಕೊಟ್ಟು ಬಲವಂತದ ವಸೂಲಿ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಆದ ಸಂಸ್ಥೆಗಳು ಇದರ ಹೊರಗಿವೆ. ಅವಕ್ಕೆ ರಿಸರ್ವ್ ಬ್ಯಾಂಕಿನ 2022ರ ನಿಯಮವೇ ಇದೆ. ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಮನೆಗೆ ಕೊಡುವ ಇಂಥ ಸಾಲಕ್ಕೆ ಅಡಮಾನ ಕೇಳುವಂತಿಲ್ಲ. ಆ ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರುವಂತಿಲ್ಲ. ಮೊದಲೇ ತೀರಿಸಿದರೆ ದಂಡ ಇಲ್ಲ. ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ. ಮೊದಲು ಸಂಸ್ಥೆಗೇ ಬರೆದು ದೂರು ಕೊಡಿ. ಕೇಳದಿದ್ದರೆ ಮುಂದೇನು ಮಾಡಬೇಕೆಂದು ರಿಸರ್ವ್ ಬ್ಯಾಂಕಿನ 14448ಕ್ಕೆ ಫೋನ್ ಮಾಡಿ ಕೇಳಬಹುದು.

ಸಾಲದ ಮೇಲೆ ಸಾಲ ತೆಗೆಯುವ ಮೊದಲು ಮನೆಯಲ್ಲಿ ಏನಿದೆ ನೋಡಿ. ಮನೆಯವಳ ಬಳೆಯ ಮಾತು ಬಂತು. ಅದು ಬೇಸರದ ಮಾತೇ. ಆದರೂ ಮೀಟರ್ ಬಡ್ಡಿಗೆ ಹೋಗುವುದಕ್ಕಿಂತ ಬಂಗಾರ ಮಾರಿ ನಿಶ್ಚಿಂತೆಯಿಂದ ಮಲಗುವುದು ಮೇಲು. ಬೀದಿಬದಿ ವ್ಯಾಪಾರಿಗಳಿಗೆ ಪುರಸಭೆಯ ಮೂಲಕ ಪಿಎಂ ಸ್ವನಿಧಿ ಇದೆ: ಈಗ ಮೊದಲ ಕಂತು 15,000, ಅದನ್ನು ತೀರಿಸಿದರೆ 25,000, ಆಮೇಲೆ 50,000, ಸರಿಯಾಗಿ ಕಟ್ಟಿದವರಿಗೆ 7% ಬಡ್ಡಿ ಸಹಾಯಧನ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಶ್ರಮಶಕ್ತಿ, ಅರಿವು ಯೋಜನೆಗಳಿಗೆ ಅರ್ಜಿ ಕರೆದಾಗ ಕೊನೇ ದಿನದವರೆಗೆ ಕಾಯಬೇಡಿ.

ನಮ್ಮೊಳಗಿನ ಕೈಸಾಲ

ಜಮಾಅತ್‌ನಲ್ಲಿ ಬಡ್ಡಿ ಇಲ್ಲದೆ ಕೊಡುವ ಸಾಲ, ಕರ್ಝೆ ಹಸನ, ಎಲ್ಲಕ್ಕಿಂತ ಒಳ್ಳೆಯದು. ಆದರೆ ಜಗಳ ಹುಟ್ಟುವುದೂ ಅಲ್ಲೇ. "ನಮ್ಮವನೇ ಅಲ್ವಾ, ಬರೆಯೋದು ಯಾಕೆ?" ಅಂತೇವೆ. ಕುರ್‌ಆನಿನ ಅತಿ ದೀರ್ಘ ಆಯತ್, ಅಲ್ ಬಖರದ 282, ಇರುವುದೇ ಸಾಲವನ್ನು ಬರೆದಿಡುವ ಬಗ್ಗೆ: ಅವಧಿ ಹೇಳಿ, ಬರೆಯುವವರಿಂದ ಬರೆಸಿ, ಸಾಕ್ಷಿ ಇಟ್ಟು. ಮದ್ರಸದಲ್ಲಿ ಇದನ್ನು ಮಕ್ಕಳಿಗೆ ಓದಿಸುವ ನಾನೇ ಜಾಮೀನು ಪತ್ರವನ್ನು ಓದದೆ ಸಹಿ ಹಾಕಿದ್ದೆ ಅನ್ನುವುದು ನೆನಪಾದಾಗ ಈಗಲೂ ನಾಚಿಕೆ ಆಗುತ್ತದೆ.

ಕಾನೂನೂ ಒಂದು ಮಾತು ಹೇಳುತ್ತದೆ. 20,000 ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಿನಲ್ಲಿ ತೆಗೆದುಕೊಳ್ಳುವುದು, ನಗದಿನಲ್ಲಿ ವಾಪಸ್ ಕೊಡುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ಸಾಲದಷ್ಟೇ ಮೊತ್ತದ ದಂಡ ಬೀಳಬಹುದು. ಅಣ್ಣ ತಮ್ಮಂದಿರ ನಡುವೆಯೂ ಬ್ಯಾಂಕ್ ಮೂಲಕವೇ ಕೊಡಿ. ಆ ದಾಖಲೆಯೇ ಅರ್ಧ ಸಾಕ್ಷಿ.

ಉದ್ರಿಯದೂ ಅದೇ ಕತೆ. ನಮ್ಮ ಕಡೆ "ಭತ್ತದ ದುಡ್ಡು ಬರಲಿ" ಅಂತಾರೆ, ಹುಣಸೂರು, ಪಿರಿಯಾಪಟ್ಟಣದ ಕಡೆ "ಹೊಗೆಸೊಪ್ಪಿನ ಹರಾಜು ಆಗಲಿ" ಅಂತಾರೆ. ದುಡ್ಡು ಬರುವಷ್ಟರಲ್ಲಿ ಎಷ್ಟು ಕೊಟ್ಟಿದ್ದೆವು ಅನ್ನುವುದೇ ಮರೆತಿರುತ್ತದೆ.

ಆ ಮೀನು ವ್ಯಾಪಾರಿ ಮಾರನೇ ದಿನ ಬೋರ್ಡ್ ಮತ್ತೆ ಕಟ್ಟಿದರು. ಒಂದು ಲೆಕ್ಕದ ಪುಸ್ತಕ ತಂದರು. ಎಂಟನೇ ಕ್ಲಾಸಿನ ಮಗಳು ರಾತ್ರಿ ಊಟದ ನಂತರ ಕೂತು ಬರೆಯುತ್ತಾಳೆ: ಇಂದಿನ ಮೀನು ಖರೀದಿ, ಐಸು, ವ್ಯಾಪಾರ ನಗದು, ವ್ಯಾಪಾರ ಯುಪಿಐ, ಉದ್ರಿ, ಕೈಸಾಲ. ಹದಿನೈದು ನಿಮಿಷದ ಕೆಲಸ.

ಮೊನ್ನೆ ಅಂಗಡಿಗೆ ಹೋದಾಗ ಪುಸ್ತಕ ತೆಗೆದು ತೋರಿಸಿದರು. ಕೈಸಾಲದ ಪುಟದಲ್ಲಿ ನನ್ನ ಹೆಸರೂ ಇತ್ತು. "ಉಸ್ತಾದ್, ಹೋದ ರಮಝಾನಿನಲ್ಲಿ ನೀವು ಕೊಟ್ಟ 2,000. ನೀವು ಮರೆತಿರಬಹುದು, ಮಗಳು ನನ್ನ ಕೈಲಿ ಕೇಳಿ ಕೇಳಿ ಬರೆಸಿದ್ದಾಳೆ" ಅಂದರು.

ನಿಜ ಹೇಳಬೇಕೆಂದರೆ, ನಾನು ಮರೆತಿದ್ದೆ.