ಸವಾಲು ತಲುಪಿದ ನೆಲೆಯಿಂದಲೇ ಜವಾಬು: ಗಣಕಜಾಲದ ಒಂದು ನಿಯಮ

ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ಪರಿಸರದ ಜನಪದರಿಗೆ ಹರದೇಶಿ-ನಾಗೇಶಿ ಹಾಡಿಕೆ ಪರಿಚಿತವಾದುದು. ಹರದೇಶಿಯವರು ಪುರುಷಪಕ್ಷವನ್ನೂ ನಾಗೇಶಿಯವರು ಸ್ತ್ರೀಪಕ್ಷವನ್ನೂ ಎತ್ತಿಹಿಡಿದು ಸವಾಲು-ಜವಾಬಿಗೆ ತೊಡಗುತ್ತಾರೆ. ನಾಗೇಶಿಯವರಿಗೆ ಹಾಕಿದ ಸವಾಲಿಗೆ ಸಭಿಕನೊಬ್ಬ ಸರಿಯುತ್ತರ ಕೂಗಿದರೂ ಅದು ಜವಾಬೆನಿಸದು. ಉತ್ತರದ ಸಿಂಧುತ್ವವು ಅದರ ಅರ್ಥದಲ್ಲಿ ಮಾತ್ರವಲ್ಲ, ಅದು ಹೊರಟ ನೆಲೆಯಲ್ಲಿಯೂ ಇದೆ. ಗಣಕಜಾಲದಲ್ಲಿ ಇದೇ ತತ್ವವು ಹೇಗೆ ನಿಯಮವಾಗಿದೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜಾಲದಲ್ಲಿ ಸಂಚರಿಸುವ ಪ್ರತಿಯೊಂದು ಪ್ಯಾಕೆಟ್ಟು ಕಳುಹಿಸಿದವರ ಹಾಗೂ ಪಡೆಯುವವರ ವಿಳಾಸಗಳನ್ನು ಹೊತ್ತಿರುತ್ತದೆ. ಬೈಲಹೊಂಗಲದ ಗ್ರಂಥಾಲಯವೊಂದರ ಸರ್ವರಿಗೆ ಎರಡು ಸಂಪರ್ಕಗಳು, ಹಾಗಾಗಿ ಎರಡು ವಿಳಾಸಗಳು ಇವೆಯೆಂದು ಭಾವಿಸೋಣ. ರಾಮದುರ್ಗದ ಸಂಶೋಧಕನ ಗಣಕವು ಮೊದಲ ವಿಳಾಸಕ್ಕೆ ಪ್ರಶ್ನೆ ಕಳುಹಿಸುತ್ತದೆ. ಉತ್ತರ ಹೊರಡುವಾಗ ತಂತ್ರಾಂಶವು ಕಳುಹಿಸುವ ವಿಳಾಸವನ್ನು ಸೂಚಿಸದಿದ್ದರೆ, ಕಾರ್ಯಾಚರಣ ವ್ಯವಸ್ಥೆಯು ಹೊರಮಾರ್ಗಕ್ಕೆ ಅನುಗುಣವಾಗಿ ತಾನೇ ಒಂದನ್ನು ಆರಿಸುತ್ತದೆ. ಅದು ಎರಡನೆಯ ವಿಳಾಸವಾದರೆ, ಕೇಳಿದ ಗಣಕವು ಅದನ್ನು ಅಪರಿಚಿತರ ಮಾತೆಂದು ತಿರಸ್ಕರಿಸುತ್ತದೆ. ಉತ್ತರ ಸರಿಯಿದ್ದೂ ಸಂಗ್ರಹವೇ ಇಲ್ಲವೆಂಬ ಭಾವನೆ ಸಂಶೋಧಕನಿಗೆ ಉಂಟಾಗಬಹುದು.

ಟಿಸಿಪಿ ವಿಧಾನದಲ್ಲಿ ಸಂಪರ್ಕ ಏರ್ಪಡುವಾಗಲೇ ಎರಡೂ ವಿಳಾಸಗಳು ನಿಶ್ಚಿತವಾಗುವುದರಿಂದ ಈ ತೊಡಕು ಇಲ್ಲ. ಯುಡಿಪಿಯಲ್ಲಿ ಅಂತಹ ಪೂರ್ವಸಂಬಂಧವಿಲ್ಲ. ಪ್ರತಿಯೊಂದು ಪ್ಯಾಕೆಟ್ಟೂ ಸ್ವತಂತ್ರ. ಆದುದರಿಂದ ಪ್ರಶ್ನೆ ಯಾವ ವಿಳಾಸಕ್ಕೆ ಬಂದಿತೆಂಬುದನ್ನು ತಂತ್ರಾಂಶವೇ ನೆನಪಿಡಬೇಕು. ಇದಕ್ಕೆ ಎರಡು ಮಾರ್ಗಗಳಿವೆ: ಪ್ರತಿ ವಿಳಾಸಕ್ಕೂ ಪ್ರತ್ಯೇಕ ಸಾಕೆಟ್ ತೆರೆಯುವುದು, ಇಲ್ಲವೆ ಬಂದ ಪ್ಯಾಕೆಟ್ಟಿನ ಗುರಿವಿಳಾಸವನ್ನು ಕಾರ್ಯಾಚರಣ ವ್ಯವಸ್ಥೆಯಿಂದ ಕೇಳಿ ಪಡೆದು ಉತ್ತರದಲ್ಲಿ ಬಳಸುವುದು.

1989ರ ಆರ್‌ಎಫ್‌ಸಿ 1122 ಈ ಕ್ರಮವನ್ನು ಶಿಫಾರಸು ಮಾಡಿತು. ಹೆಸರುಗಳನ್ನು ವಿಳಾಸಗಳಿಗೆ ಹೊಂದಿಸುವ ಡಿಎನ್‌ಎಸ್ ವ್ಯವಸ್ಥೆಯ ಮಟ್ಟಿಗೆ, ರಾಬರ್ಟ್ ಎಲ್ಜ್ ಮತ್ತು ರಾಂಡಿ ಬುಷ್ ರಚಿಸಿದ 1997ರ ಆರ್‌ಎಫ್‌ಸಿ 2181 ಇದನ್ನು ಕಡ್ಡಾಯಗೊಳಿಸಿತು. ಉತ್ತರವು ಪ್ರಶ್ನೆ ಬಂದು ಮುಟ್ಟಿದ ಪೋರ್ಟಿನಿಂದಲೇ ಹೊರಡಬೇಕೆಂದೂ ಅದು ಹೇಳುತ್ತದೆ.

ಕೇಳುಗ ಗಣಕವೇ ಉದಾರವಾಗಿ ಯಾರ ಉತ್ತರವನ್ನಾದರೂ ಸ್ವೀಕರಿಸಬಾರದೇಕೆ ಎಂಬ ಪ್ರಶ್ನೆ ಸಹಜ. ಹಾಗೆ ಮಾಡಿದರೆ ಸುಳ್ಳು ಉತ್ತರಗಳಿಗೆ ಬಾಗಿಲು ತೆರೆದಂತಾಗುತ್ತದೆ. ಕಳುಹಿಸುವ ವಿಳಾಸವನ್ನೂ ನಕಲು ಮಾಡಬಹುದಾದುದರಿಂದ ವಿಳಾಸದ ಪರೀಕ್ಷೆಯೊಂದೇ ಸಾಲದೆಂಬುದನ್ನು 2008ರಲ್ಲಿ ಡ್ಯಾನ್ ಕಾಮಿನ್‌ಸ್ಕಿ ಬಹಿರಂಗಪಡಿಸಿದ ದೋಷವು ಮನಗಾಣಿಸಿತು. ಡಿಎನ್‌ಎಸ್‌ಸೆಕ್‌ನ ಅಂಕೀಯ ಸಹಿಯು ಉತ್ತರದ ಮೂಲವನ್ನು ಇನ್ನಷ್ಟು ದೃಢಪಡಿಸುತ್ತದೆ. ಹಾಡಿನ ಕೊನೆಯ ಅಂಕಿತವು ಕರ್ತೃವನ್ನು ಸೂಚಿಸುವಂತೆ ಇದೂ ಕಾರ್ಯನಿರ್ವಹಿಸುತ್ತದೆ ಎನ್ನಬಹುದು. ಆದರೆ ಅಂಕಿತವನ್ನು ಯಾರೂ ಹಾಡಬಹುದು, ಸಹಿಯನ್ನು ಗುಪ್ತಕೀಲಿಯುಳ್ಳವರು ಮಾತ್ರ ಹಾಕಬಲ್ಲರು.